ಎರಡಕ್ಷರ ಅಳಿಸಲು ಅಪ್ಪಣೆ ಕೊಡಿ

ಯಾವುದು ನೋವು, ಯಾವುದು ನೋವಲ್ಲ ಎಂಬುದನ್ನು ಒಂದೇ ರುಜುವಿನಲ್ಲಿ ತೀರ್ಮಾನಿಸಬಲ್ಲ, ನಮ್ಮ ಸಾರ್ವಜನಿಕ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನಿಮ್ಮ ಆಸ್ಪತ್ರೆಯ ಸೂಜಿ ಚಿಕಿತ್ಸೆಯ ಕೋಣೆಯಿಂದ ನನ್ನ ಅಕ್ಕನ ಮಗಳನ್ನು ವಾಪಸು ಕಳಿಸಿದ್ದೀರಿ. ಅವಳಿಗೆ ನೋವಿದೆ ಎಂಬುದನ್ನು ನೀವು ಒಪ್ಪುತ್ತೀರಿ. ಸೂಜಿ ಹಾಕಿಸಿಕೊಂಡ ತಿಂಗಳುಗಳಲ್ಲಿ ಆ ನೋವು ತಗ್ಗಿತ್ತು ಎಂಬುದನ್ನೂ ನಿಮ್ಮ ವೈದ್ಯೆಯೇ ಹೇಳುತ್ತಾರೆ. ಆದರೂ ಅವಳು ಒಳಗೆ ಹೋಗುವಂತಿಲ್ಲ. ಯಾಕೆಂದರೆ ಅವಳ ನೋವಿನ ಹೆಸರು ಬಾಗಿಲ ಮೇಲಿನ ಫಲಕದಲ್ಲಿಲ್ಲ. ಆ ಫಲಕವನ್ನು ಬರೆದವನು ನಾನು. ಹೀಗಾಗಿ ಈ ವಿಷಯದಲ್ಲಿ ನಿಮಗೆ ಪತ್ರ ಬರೆಯುವ ಅರ್ಹತೆ ನನಗಿರುವಷ್ಟು ಈ ಊರಿನಲ್ಲಿ ಇನ್ಯಾರಿಗೂ ಇಲ್ಲ. ನನಗಿರುವ ಅರ್ಹತೆಗಳಲ್ಲಿ ಇದೊಂದೇ ಸಾಚಾ ಎಂದು ನನ್ನ ಹೆಂಡತಿ ಒಳಗಿನಿಂದ ಕೂಗಿ ಹೇಳುತ್ತಿದ್ದಾಳೆ. ಅದನ್ನೂ ದಾಖಲಿಸಿದ್ದೇನೆ. ಇದಕ್ಕೆ ಮುಂಚೆ ನಿಮಗೊಂದು ಮುಚ್ಚಿದ ಲಕೋಟೆ ಕಳಿಸಿದ್ದೆ. ಅದು ನಿಮ್ಮ ಮೇಜಿನ ಮೇಲೆ ಇನ್ನೂ ಮುಚ್ಚಿಕೊಂಡೇ ಇದೆ ಎಂದು ತಿಳಿಯಿತು. ತೆರೆಯುವ ಶ್ರಮ ನಿಮಗೆ ಬೇಡವೆಂದು ಈ ಸಲ ತೆರೆದೇ ಬರೆಯುತ್ತಿದ್ದೇನೆ.

ಮೊದಲು ನನ್ನ ಪರಿಚಯ. ಈ ಪೇಟೆಯಲ್ಲಿ ಕಣ್ಣೆತ್ತಿ ನೋಡಿದರೆ ಕಾಣುವ ಬೋರ್ಡುಗಳಲ್ಲಿ ಅರ್ಧ ನನ್ನವು. ಉಳಿದರ್ಧ ಮಳೆಗೆ ಅಳಿಸಿಹೋಗಿರುವುದರಿಂದ ಯಾರವೆಂದು ಹೇಳಲಾಗದು. ಜನ ನನ್ನನ್ನು ‘ಒತ್ತಕ್ಷರ ಮಾವ’ ಎನ್ನುತ್ತಾರೆ. ಒತ್ತಕ್ಷರ ಬರೆಯುವುದರಲ್ಲಿ ನನ್ನನ್ನು ಮೀರಿಸುವ ಕೈ ಇಲ್ಲ ಎಂದು ನಾನೇ ಹಬ್ಬಿಸಿದ್ದೇನೆ. ನನ್ನ ಓದು ಹಳ್ಳಿ ಶಾಲೆಯ ಏಳನೇ ತರಗತಿ. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ಏಳು ತರಗತಿಗಳೂ ಒಟ್ಟಿಗೆ. ಒಂದನೆಯವರು ಕಾಗುಣಿತ ಕೂಗುವಾಗ ಏಳನೆಯವರ ಕಿವಿಗೂ ಬೀಳುತ್ತಿತ್ತು. ಆ ಲೆಕ್ಕದಲ್ಲಿ ನಾನು ಒಂದನೇ ತರಗತಿಯನ್ನು ಏಳು ವರ್ಷ ಓದಿದ್ದೇನೆ. ಇಷ್ಟು ಗಟ್ಟಿ ತಳಪಾಯ ನಿಮ್ಮ ಯಾವ ಪದವಿಗೂ ಇರಲಾರದು.

ಸೂಜಿ ಕೋಣೆ ಶುರುವಾಗುವಾಗ ನಿಮ್ಮ ಕಚೇರಿಯಿಂದ ನನಗೊಂದು ಟೈಪು ಮಾಡಿದ ಹಾಳೆ ಬಂತು. ಮೇಲೆ ‘ಅಕ್ಯುಪಂಕ್ಚರ್ ವಿಭಾಗ’ ಎಂದಿತ್ತು. ಕೆಳಗೆ ಬೆನ್ನು ನೋವು, ಕುತ್ತಿಗೆ ನೋವು, ಮೊಣಕಾಲು ನೋವು, ಹೆಗಲು ಹಿಡಿತ. ಕೊನೆಯ ಸಾಲು ‘ಮುಟ್ಟಿದರೆ ನೋವು’. ಅಕ್ಯುಪಂಕ್ಚರ್ ಎಂಬ ಪದವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆಸ್ಪತ್ರೆಯವರು ಆಂಬುಲೆನ್ಸುಗಳಿಗಾಗಿ ಸ್ವಂತ ಪಂಕ್ಚರ್ ಅಂಗಡಿ ತೆರೆಯುತ್ತಿದ್ದಾರೆ, ಜಾಣರು ಎಂದುಕೊಂಡೆ. ಟೈರಿಗೂ ಕುತ್ತಿಗೆಗೂ ಏನು ಸಂಬಂಧ ಎಂಬ ಪ್ರಶ್ನೆ ಬಂದರೂ, ಬರೆಯುವವನು ಪ್ರಶ್ನೆ ಕೇಳಬಾರದೆಂಬ ನಮ್ಮ ಕಸುಬಿನ ಧರ್ಮ ಪಾಲಿಸಿದೆ. ಹಾಳೆಯಲ್ಲಿದ್ದುದನ್ನು ಇದ್ದ ಹಾಗೇ ಬರೆದೆ. ಕೊನೆಯ ಸಾಲಿನ ಮುಂದೆ ಜಾಗ ಉಳಿದಿತ್ತು. ಖಾಲಿ ಜಾಗ ನೋಡಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅಲ್ಲಿ ಒಂದು ಹೆಗಲು, ಆ ಹೆಗಲನ್ನು ಮುಟ್ಟುತ್ತಿರುವ ಒಂದು ಬೆರಳು, ಬೆರಳ ತುದಿಯಿಂದ ಮಿಂಚಿನ ಹಾಗೆ ಮೂರು ಕೆಂಪು ಗೆರೆ ಬಿಡಿಸಿಕೊಟ್ಟೆ. ಅದು ನನ್ನ ಉಚಿತ ಕೊಡುಗೆ.

ಆ ಬೆರಳು ಎಂಥ ಕೆಲಸ ಮಾಡಿತು ನೋಡಿ! ನಿಮ್ಮ ಆಸ್ಪತ್ರೆಯ ಯಾವ ವಿಭಾಗಕ್ಕೂ ಸಿಗದ ಜನಪ್ರಿಯತೆ ನನ್ನ ಕೊನೆಯ ಸಾಲಿಗೆ ಸಿಕ್ಕಿತು. ಮುಟ್ಟಿದರೆ ನೋಯದ ಮನುಷ್ಯ ಯಾರಿದ್ದಾನೆ? ಕುರು ಎದ್ದವರು ಬಂದರು. ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡವರು ಬಂದರು. ಕಾಲಿನ ಆಣಿ ತೋರಿಸಿಕೊಂಡು ಒಬ್ಬ ಅಂಚೆಯವರು ಬಂದರು. ಬೈಕಿನಿಂದ ಬಿದ್ದು, ಬಿದ್ದದ್ದನ್ನು ಮನೆಯಲ್ಲಿ ಹೇಳದ ಒಬ್ಬ ಗೃಹಸ್ಥರು, ಕೂತರೆ ನೋವು ಎಂಬುದು ಫಲಕದಲ್ಲಿಲ್ಲವಾದ್ದರಿಂದ, ಕೂರುವುದೂ ಒಂದು ಬಗೆಯ ಮುಟ್ಟುವಿಕೆಯೇ ಎಂದು ಕಿಟಕಿಯ ಗುಮಾಸ್ತರೊಡನೆ ವಾದಿಸಿ ಗೆದ್ದರಂತೆ. ಅವರೆಲ್ಲರಿಗೂ ಚೀಟಿ ಸಿಕ್ಕಿತು. ಸಿಗದೇ ಹೋದದ್ದು ಅಕ್ಕನ ಮಗಳೊಬ್ಬಳಿಗೆ.

ಅವಳು ಬಸ್ ಓಡಿಸುತ್ತಾಳೆ. ಚಿಕ್ಕವಳಿದ್ದಾಗ ನಾನು ಲಾರಿಗಳ ಹಿಂದೆ ಅಕ್ಷರ ಬರೆಯುವುದನ್ನು ನೋಡಲು ಬಂದು, ಅಕ್ಷರ ಬಿಟ್ಟು ಲಾರಿಯನ್ನೇ ನೋಡುತ್ತಿದ್ದಳು. ಮನೆಯಲ್ಲಿ ಅವಳನ್ನು ‘ಗೇರು’ ಎನ್ನುತ್ತೇವೆ. ಕೆಲಸಕ್ಕೆ ಅನುಕೂಲವಾಗಲೆಂದು ನಮ್ಮ ಮನೆಯಲ್ಲೇ ಇದ್ದಾಳೆ. ಊರಿನ ಅತಿ ಇಕ್ಕಟ್ಟಿನ ತಿರುವಿನಲ್ಲಿ, ತಳ್ಳುಗಾಡಿಯವನ ಛತ್ರಿಗೂ ತಾಗಿಸದೆ ಅಷ್ಟುದ್ದದ ಬಸ್ಸನ್ನು ತಿರುಗಿಸುತ್ತಾಳೆ. ಅವಳಿಗೆ ಬ್ರಷ್ ಹಿಡಿಯಲು ಕಲಿಸಿದ್ದು ನಾನು, ಆದ್ದರಿಂದಲೇ ಸ್ಟಿಯರಿಂಗಿನಲ್ಲಿ ಆ ನಯ ಬಂದಿದೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅವಳು ಯಾರಿಗೂ ಹೇಳುವುದಿಲ್ಲ.

ತಿಂಗಳಿಗೊಮ್ಮೆ ಇದೇ ಹುಡುಗಿ ಬಚ್ಚಲಿನ ನೆಲದ ಮೇಲೆ ಅರ್ಕಾವೊತ್ತಿನ ಹಾಗೆ ಮುದುರಿ ಕೂತಿರುತ್ತಾಳೆ. ಗೋಡೆಗೆ ಹಣೆ ಒತ್ತಿಕೊಂಡು, ಹಲ್ಲು ಕಚ್ಚಿಕೊಂಡು, ವಾಂತಿ ಮಾಡಿಕೊಂಡು, ಮುಖ ತೊಳೆದು, ಸಮವಸ್ತ್ರ ಹಾಕಿ, ಬಿಸಿನೀರಿನ ಚೀಲವನ್ನು ಬೆಲ್ಟಿನೊಳಗೆ ಸಿಕ್ಕಿಸಿಕೊಂಡು ಡಿಪೋಗೆ ಹೋಗುತ್ತಾಳೆ. ಕ್ಲಚ್ ಒತ್ತಿದಾಗಲೆಲ್ಲ ಕಿಬ್ಬೊಟ್ಟೆಯನ್ನು ಒಳಗಿನಿಂದ ಯಾರೋ ಹಿಂಡಿದ ಹಾಗಾಗುತ್ತದಂತೆ. ಊರಿನ ಬಸ್ಸಿನಲ್ಲಿ ಕ್ಲಚ್ ಎಷ್ಟು ಸಲ ಒತ್ತಬೇಕೆಂಬುದನ್ನು ನೀವೇ ಊಹಿಸಿ. ಕೆಲವು ತಿಂಗಳು ಹೋಗಲಾಗದೆ ಮಲಗಿಬಿಟ್ಟದ್ದೂ ಇದೆ. ಹೆಂಗಸರ ಡಾಕ್ಟರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಿ ಆಯಿತು. ಬೇರೆ ರೋಗವೇನೂ ಇಲ್ಲ ಎಂದರು. ಒಂದು ಬಗೆಯ ಮಾತ್ರೆ ಅವಳ ಹೊಟ್ಟೆ ಸುಟ್ಟಿತು. ಇನ್ನೊಂದು ತಲೆ ತಿರುಗಿಸಿತು. ತಲೆ ತಿರುಗುತ್ತಿರುವವಳು ಬಸ್ ತಿರುಗಿಸಬಾರದೆಂದು ಅವಳೇ ಅದನ್ನು ನಿಲ್ಲಿಸಿದಳು. ಡಿಪೋದ ಮೇಲಧಿಕಾರಿಗಳಿಗೂ ತಾಳ್ಮೆ ಮುಗಿದಿದೆ. ಅವಳಿನ್ನೂ ಪರೀಕ್ಷಾ ಅವಧಿಯಲ್ಲಿದ್ದಾಳೆ. ಇನ್ನೊಂದು ಪಾಳಿ ತಪ್ಪಿದರೆ ಸ್ಟಿಯರಿಂಗಿನಿಂದ ಇಳಿಸಿ ಬಸ್ ತೊಳೆಯುವ ಶೆಡ್ಡಿಗೆ ಹಾಕುತ್ತೇವೆಂದು ಹೇಳಿಬಿಟ್ಟಿದ್ದಾರೆ.

ಇಷ್ಟೆಲ್ಲ ನನಗೆ ಮೊದಲಿನಿಂದ ಗೊತ್ತಿತ್ತೆಂದು ತಿಳಿಯಬೇಡಿ. ನಮ್ಮ ಮನೆಯಲ್ಲಿ ಅದರ ಹೆಸರು ‘ಹೊಟ್ಟೆನೋವು’ ಎಂದಷ್ಟೇ ಇತ್ತು. ಹೊರಗಿನದನ್ನು ತಿನ್ನಬೇಡ ಎಂದು ಅವಳಿಗೆ ಬುದ್ಧಿ ಹೇಳುತ್ತಿದ್ದೆ. ಬೆಳಗ್ಗೆ ಬೇಗ ಎದ್ದು ಕೈಕಾಲು ಆಡಿಸಿದರೆ ಎಲ್ಲ ಸರಿಹೋಗುತ್ತದೆಂದು, ಸ್ವತಃ ಹಾಸಿಗೆಯಲ್ಲಿ ಮಲಗಿಕೊಂಡೇ ಉಪದೇಶ ಮಾಡುತ್ತಿದ್ದೆ. ಪೀರಿಯಡ್ಸ್ ಕಣೋ ಮಾವ ಎಂದು ಅವಳು ಒಮ್ಮೆ ಹೇಳಿದಾಗ, ನಮ್ಮ ಶಾಲೆಯಲ್ಲೂ ಗಣಿತದ ಪೀರಿಯಡ್ಡಿಗೆ ನನಗೂ ಹೊಟ್ಟೆನೋವು ಬರುತ್ತಿತ್ತು ಎಂದು ನಕ್ಕಿದ್ದೆ. ನನ್ನ ಹೆಂಡತಿ ಕೈಲಿದ್ದ ಸೌಟನ್ನು ಕೆಳಗಿಟ್ಟಳು. ಅವಳು ಸೌಟು ಕೆಳಗಿಟ್ಟರೆ ಮಾತು ದೊಡ್ಡದೆಂದು ಅರ್ಥ.

“ನಿಮಗೆ ನೆಗಡಿ ಬಂದ್ರೆ ಮನೆಯವರೆಲ್ಲ ಪಿಸುಪಿಸು ಮಾತಾಡ್ಬೇಕು. ಕಿಟಕಿ ಮುಚ್ಚಬೇಕು, ರೇಡಿಯೋ ಆರಿಸ್ಬೇಕು. ಮೂಗೊಂದು ಸೋರಿದ್ದಕ್ಕೆ ಮೂರು ದಿನ ಅಂಗಡಿ ಬಾಗಿಲು ಹಾಕಿದ್ರಿ. ಅವಳು ಅಷ್ಟು ನೋವಲ್ಲಿ ಬಸ್ಸಿನ ತುಂಬ ಜನಾನ ಹೊತ್ಕೊಂಡು ಹೋಗ್ತಾಳೆ. ನಿಮಗೆ ಗಣಿತ ನೆನಪಾಗುತ್ತಾ?”

“ನೆಗಡಿ ಬೇರೆ ಕಣೇ. ಅದು ತಲೆಗೆ ಸಂಬಂಧಪಟ್ಟಿದ್ದು,” ಎಂದೆ.

“ಹಾಗಾದ್ರೆ ನಿಮಗೆ ಬರಬಾರದಿತ್ತು,” ಎಂದಳು.

ಆಮೇಲೆ ನಾನೇ ಮುಂದೆ ನಿಂತು ಅಕ್ಕನ ಮಗಳನ್ನು ಸೂಜಿ ಕೋಣೆಗೆ ಕರೆದುಕೊಂಡು ಹೋದೆ. ಡಿಪೋದಲ್ಲಿ ಯಾರೋ ಕಂಡಕ್ಟರಮ್ಮ ಅವಳಿಗೆ ಹೇಳಿದ್ದರಂತೆ. ಆಗ ಇನ್ನೂ ನಿಮ್ಮ ಆದೇಶ ಬಂದಿರಲಿಲ್ಲ, ಒಳಗಿನ ವೈದ್ಯೆ ಹೆಂಗಸರ ಮಾತು ಕೇಳಿ ನೇರವಾಗಿ ಕರೆದುಕೊಳ್ಳುತ್ತಿದ್ದರು. ಮಾತು ಕಡಿಮೆ, ಕೈ ತಣ್ಣಗೆ, ಮುಖದಲ್ಲಿ ಜಂಬವಿಲ್ಲ. ನಾನು ಬಾಗಿಲಲ್ಲೇ ನಿಂತು, ಇದರಿಂದ ಪೂರಾ ವಾಸಿಯಾಗುತ್ತದೋ ಇಲ್ಲವೋ, ಬರೆದುಕೊಡಿ ಎಂದೆ. “ಬರೆದುಕೊಡಕ್ಕೆ ಆಗಲ್ಲ. ಕೆಲವರಿಗೆ ನೋವು ಚೆನ್ನಾಗಿ ತಗ್ಗುತ್ತೆ, ಕೆಲವರಿಗೆ ಸ್ವಲ್ಪ, ಕೆಲವರಿಗೆ ಏನೂ ಇಲ್ಲ. ಓದಿದೋರೂ ಇದರ ಬಗ್ಗೆ ಒಂದೇ ಮಾತು ಹೇಳಲ್ಲ. ನಾಲ್ಕು ತಿಂಗಳು ನೋಡೋಣ, ಆಗದಿದ್ರೆ ನಾನೇ ನಿಲ್ಲಿಸ್ತೀನಿ. ಹೆಂಗಸರ ಡಾಕ್ಟರ ಹತ್ತಿರ ಹೋಗೋದು ಮಾತ್ರ ಬಿಡಬಾರ್ದು,” ಎಂದರು. ಹೀಗೆ ಹೇಳಿದರೆ ಯಾವ ವ್ಯಾಪಾರ ನಡೆಯುತ್ತದೆ ಹೇಳಿ? ನಾನಾಗಿದ್ದರೆ ನೂರಕ್ಕೆ ನೂರು ಗುಣ ಎಂದು ಬೋರ್ಡೇ ಬರೆದು ತೂಗುಹಾಕುತ್ತಿದ್ದೆ. ಆದರೆ ಅಕ್ಕನ ಮಗಳಿಗೆ ಆ ಮಾತೇ ಹಿಡಿಸಿತು. ಮೊದಲ ಸಲ ಹೊರಬಂದಾಗ ಹೇಗಿತ್ತೇ ಎಂದು ಕೇಳಿದೆ. “ಸೊಳ್ಳೆ ಕಚ್ಚಿದಷ್ಟೂ ಇಲ್ಲ ಮಾವ. ಪಾದದ ಹತ್ತಿರ ಒಂದು, ಹೊಟ್ಟೆ ಮೇಲೆ ಎರಡು, ಆಮೇಲೆ ಏನೋ ಭಾರ ಅನ್ನಿಸ್ತು, ನಿದ್ದೆ ಬಂದುಬಿಡ್ತು,” ಎಂದಳು. ಎರಡನೇ ತಿಂಗಳು ವಾಂತಿ ನಿಂತಿತು. ನೋವು ಹೋಗಲಿಲ್ಲ, ಆದರೆ ಅರ್ಕಾವೊತ್ತು ಬಿಚ್ಚಿಕೊಂಡು ಕೊಂಬಿನಷ್ಟು ನೆಟ್ಟಗಾಯಿತು. ಅಷ್ಟಾದರೆ ಅವಳಿಗೆ ಸಾಕು, ಬಸ್ ಓಡುತ್ತದೆ. ಆಮೇಲೆ ಅವಳು ಒಂದು ಪಾಳಿಯನ್ನೂ ತಪ್ಪಿಸಲಿಲ್ಲ. ಟೈರಿಗೆ ಪಂಕ್ಚರಾದರೆ ಬಸ್ ನಿಲ್ಲುತ್ತದೆ, ಡ್ರೈವರಿಗೆ ಪಂಕ್ಚರ್ ಮಾಡಿದರೆ ಓಡುತ್ತದೆ ಎಂದು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳತೊಡಗಿದೆ. ಸೂಜಿ ವಿದ್ಯೆಯನ್ನು ನಾನೇ ಕಂಡುಹಿಡಿದೆನೇನೋ ಎಂಬ ಧಾಟಿಯಲ್ಲಿ ಹೇಳಿರಲಿಕ್ಕೂ ಸಾಕು.

ಆಗ ಬಂತು ನಿಮ್ಮ ಆದೇಶ. ನೂಕುನುಗ್ಗಲು ಹೆಚ್ಚಿದೆ, ಇನ್ನು ಮುಂದೆ ಫಲಕದಲ್ಲಿ ನಮೂದಾದ ನೋವುಗಳಿಗೆ ಮಾತ್ರ ಚಿಕಿತ್ಸೆ. ನೂಕುನುಗ್ಗಲು ಯಾರಿಂದ? ನನ್ನ ಬೆರಳಿನಿಂದ! ಆದರೆ ಬೆರಳಿನ ಗಿರಾಕಿಗಳೆಲ್ಲ ಒಳಗುಳಿದರು, ನನ್ನ ಮನೆಯ ಹುಡುಗಿ ಹೊರಗಾದಳು.

ಕಿಟಕಿಯ ಮುಂದೆ ನಡೆದದ್ದನ್ನು ಹೇಳದೆ ವಿಧಿಯಿಲ್ಲ. ಮೂರು ವಾರದ ಹಿಂದಿನ ಮಾತು. ಅಂದು ಅವಳಿಗೆ ವಾರದ ರಜೆ, ನೋವು ಶುರುವಾಗಿತ್ತು, ನಿಲ್ಲಲಾರದೆ ಬೆಂಚಿನ ಮೇಲೆ ಕೂತಿದ್ದಳು. ಸಾಲಿನಲ್ಲಿ ನಾನು ನಿಂತಿದ್ದೆ.

“ಏನು ತೊಂದ್ರೆ?” ಎಂದರು ಗುಮಾಸ್ತರು.

“ನನಗಲ್ಲ. ನಮ್ಮ ಹುಡುಗಿಗೆ.”

“ಹುಡುಗಿಗೆ ಏನು?”

ನೀವು ನನ್ನ ಅಕ್ಷರ ನೋಡಿದ್ದೀರಿ. ಆಳೆತ್ತರದ ಅಕ್ಷರ ಬರೆಯುವವನು ನಾನು. ಆದರೆ ಆ ಮೂರಿಂಚಿನ ಕಿಟಕಿಯಲ್ಲಿ ನನ್ನ ನಾಲಿಗೆ ಒಣಗಿದ ಬ್ರಷ್ಷಾಯಿತು. ಹಿಂದೆ ಜನರ ಸಾಲಿತ್ತು. “ಅದೇ... ತಿಂಗಳಿನದು,” ಎಂದೆ.

“ತಿಂಗಳಿನದು ಅಂದ್ರೆ? ತಿಂಗಳಿಂದ ಇದೆಯಾ?”

“ತಿಂಗಳಿಂದ ಅಲ್ಲ, ತಿಂಗಳಿಗೆ.”

“ತಿಂಗಳಿಗೆ ಎಷ್ಟು?”

“ಒಂದು.”

“ರೀ ಯಜಮಾನ್ರೇ, ಇದು ಆಸ್ಪತ್ರೆ. ತಿಂಗಳಿಗೊಂದು ಬರೋದು ಕರೆಂಟ್ ಬಿಲ್ಲು. ನೋವು ಎಲ್ಲಿ ಹೇಳಿ.”

ಬೆಂಚಿನಿಂದ ಅಕ್ಕನ ಮಗಳು ತಲೆಯೆತ್ತಿ, “ಮುಟ್ಟಿನ ನೋವು ಸರ್,” ಎಂದಳು. ಗುಮಾಸ್ತರು ಕತ್ತು ಚಾಚಿ ಫಲಕ ನೋಡಿದರು. “ಬೋರ್ಡಲ್ಲಿ ಇಲ್ವಲ್ಲಮ್ಮ. ಮುಟ್ಟಿದರೆ ನೋವು ಅಂತಿದೆ. ಮುಟ್ಟಿದರೆ ನೋವಾಗುತ್ತಾ?” “ಮುಟ್ಟದಿದ್ರೂ ಆಗುತ್ತೆ,” ಎಂದಳು. “ಹಾಗಾದ್ರೆ ಬರಲ್ಲ,” ಎಂದರು.

ಆಗ ನನ್ನೊಳಗಿನ ಚಾಣಾಕ್ಷ ಎದ್ದ. ನನಗೆ ಹೆಗಲು ಹಿಡಿದುಕೊಂಡಿದೆ, ಮುಟ್ಟಿದರೆ ಪ್ರಾಣ ಹೋಗುತ್ತದೆ ಎಂದು ಕೂಗಾಡಿದೆ. ತಕ್ಷಣ ಚೀಟಿ ಬಂತು. ಒಬ್ಬ ಗಂಡಸಿನ ಸುಳ್ಳು ಹೆಗಲಿಗೆ ನಿಮ್ಮ ಆಸ್ಪತ್ರೆಯಲ್ಲಿ ಎಷ್ಟು ಗೌರವವಿದೆ ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ. ಚೀಟಿಯನ್ನು ಅವಳ ಕೈಗಿಟ್ಟು, ಒಳಗೆ ನುಗ್ಗು ಎಂದೆ. ಗುಮಾಸ್ತರು ನನಗಿಂತ ಚಾಣಾಕ್ಷರು. ಎದ್ದು ಬಂದು, ಚೀಟಿ ಯಾರದ್ದೋ ಸೂಜಿ ಅವರಿಗೇ ಎಂದು ನನ್ನ ತೋಳು ಹಿಡಿದು ಒಳಗೆ ಬಿಟ್ಟು, ಬಾಗಿಲಲ್ಲೇ ನಿಂತರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನು ಎಷ್ಟೋ ಗೋಡೆಗಳ ಮೇಲೆ ಬರೆದಿದ್ದೇನೆ. ಎಮ್ಮೆಯಾಗಿ ಮಲಗಿದ್ದು ಅದೇ ಮೊದಲು.

ಮಹಡಿಯೆತ್ತರದ ಏಣಿಯ ಮೇಲೆ ಒಂಟಿ ಕಾಲಲ್ಲಿ ನಿಂತು ಬರೆದ ಗಂಡು ನಾನು, ಗಾಜು ಚುಚ್ಚಿದಾಗ ಚಿಮುಟ ತೆಗೆದುಕೊಂಡು ನಾನೇ ಕಿತ್ತುಕೊಂಡಿದ್ದೆ ಎಂದೆಲ್ಲ ವೈದ್ಯೆಗೆ ಹೇಳುತ್ತ ಮಲಗಿದೆ. ಅವರು ಹತ್ತಿಯಿಂದ ನನ್ನ ಕಾಲು ಒರೆಸಿದರು. ಹೆಗಲಿಗೆ ಕಾಲೇಕೆ ಎಂದೆ. ಹೀಗೂ ಉಂಟು ಎಂದರು. ಸೂಜಿಯನ್ನು ಕಾಗದದಿಂದ ಬಿಡಿಸಿ ಎತ್ತಿ ಹಿಡಿದರು. ಕೂದಲಷ್ಟು ಸಣ್ಣ ಸೂಜಿ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥದ್ದು. ನನಗೆ ಕಂಡಿತು. ನನಗೆ ನೆನಪಿರುವುದು ಅಷ್ಟೇ.

ಎಚ್ಚರವಾದಾಗ ಮುಖದ ಮೇಲೆ ನೀರಿತ್ತು. ಅಕ್ಕನ ಮಗಳು ಒಂದು ಕೈಯಲ್ಲಿ ತನ್ನ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ನನಗೆ ರಟ್ಟಿನಿಂದ ಗಾಳಿ ಬೀಸುತ್ತಿದ್ದಳು. ಎಷ್ಟು ಸೂಜಿ ಹಾಕಿದಿರಿ ಎಂದು ವೈದ್ಯೆಯನ್ನು ಕೇಳಿದೆ. “ಒಂದೂ ಇಲ್ಲ. ಇನ್ನೂ ಮುಟ್ಟೇ ಇರಲಿಲ್ಲ,” ಎಂದರು. ಅಧೀಕ್ಷಕರೇ, ನಿಮ್ಮ ಫಲಕಕ್ಕೆ ಇನ್ನೊಂದು ಸಾಲು ಸೇರಿಸುವುದಾದರೆ ‘ಮುಟ್ಟುವ ಮೊದಲೇ ನೋವು’ ಎಂದು ಸೇರಿಸಿ. ರೋಗಿಯ ಹೆಸರು ಬೇಕಾದರೆ ನನ್ನದೇ ಕೊಡುತ್ತೇನೆ.

ಸುಧಾರಿಸಿಕೊಳ್ಳುವಾಗ ವೈದ್ಯೆ, ಚೀಟಿಯಿಲ್ಲದೆ ಇವಳಿಗೆ ಹಾಕುವ ಹಾಗಿಲ್ಲ ಎಂದು ಬಾಗಿಲ ಕಡೆ ನೋಡಿ, “ಅಲ್ಲ, ನೀವ್ಯಾಕ್ರೀ ಹಾಗೆ ಬರೆದ್ರಿ? ನಾನು ಕೊಟ್ಟಿದ್ದು ‘ಮುಟ್ಟಿನ ನೋವು’ ಅಂತ. ಈ ಕೋಣೆ ಕೇಳಿದ್ದೇ ಮುಖ್ಯವಾಗಿ ಅದಕ್ಕೆ,” ಎಂದರು. ನಿಮ್ಮ ಕಚೇರಿಯ ಹಾಳೆಯಲ್ಲಿ ಹಾಗೇ ಇತ್ತು ಎಂದೆ. ವೈದ್ಯೆಯ ಕೈಯಿಂದ ಹೊರಟ ‘ನ’ ನನ್ನ ಬ್ರಷ್ಷಿಗೆ ತಲುಪುವ ಹೊತ್ತಿಗೆ ‘ದರೆ’ ಆಗಿತ್ತು. ನಡುವೆ ನಿಮ್ಮ ಕಚೇರಿಯ ಯಾವುದೋ ಮೇಜಿನಲ್ಲಿ ಯಾರೋ ಒಬ್ಬ ಮಹಾ ಸಭ್ಯರು ಕೂತಿದ್ದಾರೆ. ಆ ಪದ ಗೋಡೆಯ ಮೇಲೆ ಬಂದರೆ ಗೋಡೆಗೆ ಮೈಲಿಗೆಯಾದೀತೆಂದು ಹೆದರಿದರೋ, ಬೆರಳಚ್ಚು ತಪ್ಪೆಂದು ತಿದ್ದಿದರೋ ನನಗೆ ತಿಳಿಯದು. ಅವರನ್ನು ಬೈಯುವ ಯೋಗ್ಯತೆಯೂ ನನಗಿಲ್ಲ. ಅವರು ಬರೆಯಲು ನಾಚಿದರು, ನಾನು ಹೇಳಲು ನಾಚಿದೆ. ಅವರಾದರೂ ಪದವನ್ನಷ್ಟೇ ತಿದ್ದಿದರು, ನಾನು ಅದಕ್ಕೆ ಚಿತ್ರ ಬೇರೆ ಬಿಡಿಸಿದೆ.

ಅಲ್ಲಿಂದ ನೇರವಾಗಿ ನಿಮ್ಮ ಕೋಣೆಗೆ ಬಂದೆವು, ನಾನೂ ಅವಳೂ. ನಿಮಗೆ ನೆನಪಿರಬಹುದು. ನೀವು ಕುರ್ಚಿ ತೋರಿಸಿದಿರಿ, ಸಂತೋಷ. ನಾನು ‘ಆ ವಿಷಯ’ ಎಂದೆ. ನೀವೂ ‘ಆ ವಿಷಯ’ ಎಂದಿರಿ. ಆ ವಿಷಯ ಸ್ವಾಭಾವಿಕವಾದದ್ದು, ಎಲ್ಲ ಹೆಂಗಸರಿಗೂ ಇರುವಂಥದ್ದು ಎಂದಿರಿ. ಆ ವಿಷಯ ಇವಳಿಗೆ ಜಾಸ್ತಿ ಇದೆ ಎಂದೆ. ಆ ವಿಷಯಕ್ಕೆ ಸೂಜಿಯಿಂದ ಪ್ರಯೋಜನ ಇನ್ನೂ ಪೂರ್ಣವಾಗಿ ಸಾಬೀತಾಗಿಲ್ಲ ಎಂದಿರಿ. ಒಬ್ಬರು ದೊಡ್ಡ ಓದಿನವರು, ಇನ್ನೊಬ್ಬ ಒಂದನೇ ತರಗತಿಯನ್ನು ಏಳು ಸಲ ಓದಿದವನು. ಇಬ್ಬರು ಬೆಳೆದ ಗಂಡಸರು ಮೇಜಿನ ಎರಡೂ ಕಡೆ ಕೂತು, ಮುಷ್ಟಿಯಲ್ಲಿ ಹೊಗೆ ಹಿಡಿಯುವ ಹಾಗೆ ಆ ವಿಷಯವನ್ನು ಹಿಡಿಯುತ್ತಿದ್ದೆವು. ಕೊನೆಗೆ ಆ ವಿಷಯದ ಯಜಮಾನಿಯೇ ಬಾಯಿಬಿಟ್ಟಳು.

“ಸರ್, ಅದರ ಹೆಸರು ಮುಟ್ಟು. ಮಾವ, ನೀನೂ ಕೇಳಿಸ್ಕೋ. ಮುಟ್ಟು. ಇಬ್ರೂ ಒಂದೊಂದು ಸಲ ಹೇಳಿ ನೋಡಿ, ಏನೂ ಆಗಲ್ಲ.”

ನಿಮ್ಮ ಪೆನ್ನು ಕೆಳಗೆ ಬಿತ್ತು. ನಾನು ಫ್ಯಾನು ನೋಡಿದೆ. ಇಬ್ಬರೂ ಹೇಳಲಿಲ್ಲ. ಫಲಕ ಬದಲಿಸುವುದು ನನ್ನೊಬ್ಬನ ಕೈಯಲ್ಲಿಲ್ಲ, ಸಮಿತಿ ಸೇರಬೇಕು, ಅದು ಮೂರು ತಿಂಗಳಿಗೊಮ್ಮೆ ಸೇರುತ್ತದೆ ಎಂದು ನೀವು ಮೇಜಿನ ಕೆಳಗಿನಿಂದಲೇ, ಪೆನ್ನು ಹುಡುಕುತ್ತ ಹೇಳಿದಿರಿ.

ಮಾನ್ಯರೇ, ಈಗ ನಿಮ್ಮ ಮಾತುಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ, ಆ ದಿನ ಫ್ಯಾನು ನೋಡುವುದರಲ್ಲಿ ಉತ್ತರ ಹೊಳೆಯಲಿಲ್ಲ. ಸ್ವಾಭಾವಿಕ ಎಂದಿರಿ. ವಯಸ್ಸಾದ ಮೇಲೆ ನನ್ನ ಮೊಣಕಾಲು ಸವೆಯುವುದೂ ಸ್ವಾಭಾವಿಕವೇ. ಅದಕ್ಕೆ ಫಲಕದಲ್ಲಿ ಮೂರನೇ ಸಾಲನ್ನೇ ಕೊಟ್ಟಿದ್ದೀರಲ್ಲ? ಎಲ್ಲರಿಗೂ ಇರುವಂಥದ್ದು ಎಂದಿರಿ. ಎಲ್ಲರಿಗೂ ಇದ್ದರೆ ಚಿಕಿತ್ಸೆ ಬೇಗ ಸಿಗಬೇಕೋ, ಸಿಗಲೇಬಾರದೋ? ಎಲ್ಲರಿಗೂ ಹಸಿವಾಗುತ್ತದೆಂದು ನಿಮ್ಮ ಕ್ಯಾಂಟೀನಿಗೆ ಬೀಗ ಹಾಕಿಸಿದ್ದೀರಾ? ಪೂರ್ಣ ಸಾಬೀತಾಗಿಲ್ಲ ಎಂದಿರಿ. ಇದು ತೂಕದ ಮಾತು, ಒಪ್ಪುತ್ತೇನೆ. ನಿಮ್ಮ ವೈದ್ಯೆಯೂ ಅದನ್ನೇ ಹೇಳಿದ್ದರು, ನಾಲ್ಕು ತಿಂಗಳು ನೋಡಿ, ಆಗದಿದ್ದರೆ ನಿಲ್ಲಿಸುತ್ತೇನೆಂದು. ಆದರೆ ಕಾಲಿನ ಆಣಿಗೆ ಸೂಜಿಯಿಂದ ಗುಣವಾಗುವುದು ಸಾಬೀತಾಗಿದೆಯೇ? ಕುರುವಿಗೆ? ಬೈಕಿನಿಂದ ಬಿದ್ದು ಹೆಂಡತಿಗೆ ಹೇಳದವರ ಆಸನಕ್ಕೆ? ಅವರ ವಿಷಯದಲ್ಲಿ ನಿದ್ದೆ ಹೊಡೆಯುವ ಸಾಕ್ಷಿ ಪುರಾವೆಗಳು ಈ ಹುಡುಗಿ ಬಾಗಿಲಿಗೆ ಬಂದ ಕೂಡಲೇ ಲಾಠಿ ಹಿಡಿದು ಎದ್ದು ನಿಲ್ಲುವುದೇಕೆ?

ಇನ್ನು ಸಮಿತಿ. ನಿಮ್ಮ ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ, ಅದೂ ಕೋರಂ ಇದ್ದರೆ. ಅವಳ ನೋವು ತಿಂಗಳಿಗೊಮ್ಮೆ, ಕೋರಂ ಕೇಳದೆ, ನೋಟೀಸು ಕೊಡದೆ ಬರುತ್ತದೆ. ಎರಡರಲ್ಲಿ ಶಿಸ್ತು ಯಾವುದಕ್ಕೆ ಹೆಚ್ಚು ಎಂದು ನೀವೇ ಹೇಳಿ. ಮುಂದಿನ ವಾರ ಅದು ಮತ್ತೆ ಬರಲಿದೆ. ಅಂದು ಅವಳು ಏಳಲಾಗದಿದ್ದರೆ ಆ ಇಕ್ಕಟ್ಟಿನ ತಿರುವಿನಲ್ಲಿ ಬೇರೆ ಯಾರೋ ತಿರುಗಿಸುತ್ತಾರೆ, ಅವಳು ಶೆಡ್ಡಿನಲ್ಲಿ ಪೈಪು ಹಿಡಿದು ಬೇರೆಯವರ ಬಸ್ಸಿನ ಕೆಸರು ತೊಳೆಯುತ್ತಾಳೆ. ತೊಳೆಯುವ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಲಾರಿ ನೋಡಲು ಬರುತ್ತಿದ್ದ ಮಗು ಅದಕ್ಕಾಗಿ ಬಂದದ್ದಲ್ಲ.

ನಿಮ್ಮ ಕೋಣೆಯಿಂದ ಬಂದ ಮೇಲೆ ನನಗೆ ಊಟ ಸೇರಲಿಲ್ಲ. ಒಂದು ತುತ್ತೂ ಸೇರಲಿಲ್ಲ ಎಂದು ಬರೆದಿದ್ದೆ, ಹೆಂಡತಿ ಓದಿ ‘ಎರಡನೇ ಸಲ ಬಡಿಸಿಕೊಂಡಾಗ’ ಎಂದು ಸೇರಿಸಲು ಹೇಳಿದಳು. ಮೊನ್ನೆ ಅಂಗಡಿಗೆ ಹೋದವನೇ ಒಂದು ಹಲಗೆ ತೆಗೆದುಕೊಂಡೆ. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬರಲಿ ಎಂದು, ಫಲಕ ತಿದ್ದುವ ದಿನಕ್ಕೆ ಅಭ್ಯಾಸವಾಗಲೆಂದು, ‘ಮುಟ್ಟಿನ ನೋವು’ ಎಂದು ಮೊಳದುದ್ದದ ಅಕ್ಷರದಲ್ಲಿ ಬರೆದೆ. ಒಣಗಲು ಅಂಗಡಿಯ ಮುಂದೆ, ರಸ್ತೆಗೆ ಮುಖ ಮಾಡಿ ಒರಗಿಸಿದೆ. ಎದುರು ಕನ್ನಡಕದಂಗಡಿಯವರು ಓದಿ, ಕನ್ನಡಕ ಒರೆಸಿ, ಮತ್ತೆ ಓದಿ ಒಳಗೆ ಹೋದರು. ಅಷ್ಟರಲ್ಲಿ ಸಿಗ್ನಲ್ಲಿನಲ್ಲಿ ಒಂದು ಬಸ್ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಬಂತು.

“ಮಾವಾ! ಸೊಟ್ಟ ಆಗಿದೆ!”

ಇಡೀ ಬಸ್ಸು ನನ್ನ ಕಡೆ ತಿರುಗಿತು. ಒತ್ತಕ್ಷರ ಮಾವನ ಹಲಗೆ ಸೊಟ್ಟ ಎಂದರೆ ಸುಮ್ಮನಿರಲಾದೀತೇ?

“ಯಾವುದೇ ಸೊಟ್ಟ?”

“ಒತ್ತು! ಟ್ಟ ಒತ್ತು!”

“ನಿನ್ನ ಕಣ್ಣು ಸೊಟ್ಟ ಕಣೇ! ಮುಟ್ಟು ನೆಟ್ಟಗೇ ಇದೆ! ಇಳಿದು ಬಂದು ನೋಡು, ಮುಟ್ಟು ದಾರ ಹಿಡಿದ ಹಾಗಿದೆ, ಮುಟ್ಟು!”

ಬಾಯಿಂದ ಬಿದ್ದಮೇಲೆ ನನಗೆ ಕೇಳಿಸಿತು. ರಸ್ತೆಯಲ್ಲಿದ್ದವರಿಗೆ ಅದಕ್ಕೂ ಮೊದಲೇ ಕೇಳಿಸಿತ್ತು. ಬಸ್ಸಿನೊಳಗೆ ಯಾರೋ ಅಜ್ಜಿ, “ಸರಿಯಾಗಿ ಹೇಳಿದೆಯಪ್ಪ,” ಎಂದರು. ಸಿಗ್ನಲ್ ಬಿಟ್ಟಿತು. ಅಕ್ಕನ ಮಗಳು ನಗುತ್ತ, ಹಾರ್ನ್ ಹೊಡೆಯುತ್ತ ತಿರುವಿನಲ್ಲಿ ಮಾಯವಾದಳು. ನಾನು ಹಲಗೆಯ ಹತ್ತಿರ ಹೋಗಿ, ತಲೆ ವಾಲಿಸಿ ನೋಡಿದೆ. ಒತ್ತು ನಿಜಕ್ಕೂ ಸೊಟ್ಟಗಿತ್ತು.

ಅಧೀಕ್ಷಕರೇ, ಆಕಾಶ ಕಳಚಿ ಬೀಳಲಿಲ್ಲ. ನನ್ನ ಜಂಬವೊಂದು ಬಿತ್ತು, ಅದು ಆಗಾಗ ಬೀಳುವಂಥದ್ದೇ. ಈಗ ನಿಮ್ಮ ಸರದಿ. ಸಮಿತಿಗೆ ಕಾಯದೆ, ಆ ಫಲಕದ ಕೊನೆಯ ಸಾಲಿನಲ್ಲಿ ‘ದರೆ’ ಎಂಬ ಎರಡಕ್ಷರ ಅಳಿಸಿ, ‘ನ’ ಎಂಬ ಒಂದಕ್ಷರ ಬರೆಯಲು ನನಗೆ ಅಪ್ಪಣೆ ಕೊಡಿ. ಹೊಸ ನೋವನ್ನು ಸೇರಿಸಿ ಎಂದು ನಾನು ಕೇಳುತ್ತಿಲ್ಲ, ನಿಮ್ಮ ವೈದ್ಯೆ ಮೊದಲು ಬರೆದದ್ದನ್ನು ವಾಪಸು ತರುತ್ತೇನೆ, ಅಷ್ಟೇ. ಕೂಲಿ ಬೇಡ. ಬೆರಳನ್ನೂ ಅಳಿಸಿಕೊಡುತ್ತೇನೆ, ಹೊಟ್ಟೆ ಉರಿಯುತ್ತದೆ, ಆದರೂ ಅಳಿಸುತ್ತೇನೆ. ಅಪ್ಪಣೆ ಬರಹದಲ್ಲಿ ಬೇಡ, ನಿಮ್ಮ ಕಚೇರಿಯ ಮೇಜುಗಳ ಮೇಲೆ ನನಗೆ ನಂಬಿಕೆಯಿಲ್ಲ. ನನ್ನ ಅಂಗಡಿಗೆ ಫೋನ್ ಮಾಡಿ. ಯಾವ ಅಕ್ಷರ, ಯಾವ ಪದದಲ್ಲಿ ಎಂದು ನಾನು ಕೇಳುತ್ತೇನೆ. ನೀವು ಬಾಯಿಬಿಟ್ಟು ಆ ಪದ ಹೇಳಬೇಕು.

ಮುಂದಿನ ವಾರದೊಳಗೆ ಹೇಳಿ. ಒಂದೇ ಸಲ ಸಾಕು. ಫ್ಯಾನು ನೋಡಿಕೊಂಡು ಹೇಳಿದರೂ ನಡೆಯುತ್ತದೆ.

ಇಂತಿ,
ಬಣ್ಣ ಕಲಸಿಟ್ಟುಕೊಂಡು ಫೋನಿನ ಪಕ್ಕ ಕೂತಿರುವ,
ಸೂಜಿ ಮುಟ್ಟುವ ಮೊದಲೇ ಮೂರ್ಛೆ ಹೋದ,
ಸೊಟ್ಟ ಒತ್ತಿನ ಒತ್ತಕ್ಷರ ಮಾವ